ಊರಲ್ಲಿ ಗೆಲುವು, ದಿಲ್ಲಿಯಲ್ಲಿ ಸೋಲು: 1977ರ ಲೋಕಸಭಾ ಫಲಿತಾಂಶ ಮತ್ತು ಕರ್ನಾಟಕದ ಜನಸಾಮಾನ್ಯರು

1977ರ ಮಾರ್ಚ್ 20ರ ರಾತ್ರಿ ದಿಲ್ಲಿಯ ಬಹದ್ದೂರ್ ಶಾ ಜಫರ್ ಮಾರ್ಗದಲ್ಲಿ, ಪತ್ರಿಕಾ ಕಚೇರಿಗಳ ಎದುರು ಸೇರಿದ್ದ ಜನಜಂಗುಳಿಯ ವರ್ಣನೆ ತುರ್ತು ಪರಿಸ್ಥಿತಿಯ ಚರಿತ್ರೆಗಳಲ್ಲಿ ಮತ್ತೆ ಮತ್ತೆ ಸಿಗುತ್ತದೆ. ಫಲಿತಾಂಶದ ಫಲಕದಲ್ಲಿ ಕಾಂಗ್ರೆಸ್ಸಿನ ಒಂದೊಂದು ಸೋಲು ಏರಿದಾಗಲೂ ಕೇಕೆ, ಡೋಲು, ಕುಣಿತ. ರಾಯ್‌ಬರೇಲಿಯಲ್ಲಿ ಇಂದಿರಾ ಗಾಂಧಿ ರಾಜ್ ನಾರಾಯಣ್ ಎದುರು 55,202 ಮತಗಳಿಂದ ಸೋತರೆಂಬ ಸುದ್ದಿ ತಡರಾತ್ರಿ ಹಬ್ಬಿತು. ಪಕ್ಕದ ಅಮೇಠಿಯಲ್ಲಿ ಮಗ ಸಂಜಯ್ ಕೂಡ ಸೋತಿದ್ದರು. ಉತ್ತರ ಪ್ರದೇಶದ 85, ಬಿಹಾರದ 54, ಪಂಜಾಬಿನ 13, ಹರಿಯಾಣದ 10, ದಿಲ್ಲಿಯ 7 ಸ್ಥಾನಗಳಲ್ಲಿ ಆಳುವ ಪಕ್ಷಕ್ಕೆ ಒಂದೂ ದಕ್ಕಲಿಲ್ಲ. ಮೂವತ್ತು ವರ್ಷ ದೇಶವಾಳಿದ ಪಕ್ಷ ಮೊದಲ ಬಾರಿಗೆ ಕೇಂದ್ರದಲ್ಲಿ ಅಧಿಕಾರ ಬಿಟ್ಟಿತು. ಇದನ್ನು ‘ಎರಡನೇ ಸ್ವಾತಂತ್ರ್ಯ’ ಎಂದು ಕರೆದವರು ಬಹಳ ಮಂದಿ.

ಅದೇ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳ ಪೈಕಿ 26ನ್ನು ಗೆದ್ದದ್ದು ಕಾಂಗ್ರೆಸ್. ದಿಲ್ಲಿಯಲ್ಲಿ ಗೆದ್ದ ಜನತಾ ಪಕ್ಷಕ್ಕೆ ಇಲ್ಲಿ ಸಿಕ್ಕದ್ದು ಬೆಂಗಳೂರು ದಕ್ಷಿಣ ಮತ್ತು ಹಾಸನ ಮಾತ್ರ. ಆಂಧ್ರದಲ್ಲಿ 42ರಲ್ಲಿ 41 ಕಾಂಗ್ರೆಸ್ಸಿಗೆ ಹೋದವು. ಉಳಿದ ಒಂದು, ನಂದ್ಯಾಲ, ನೀಲಂ ಸಂಜೀವ ರೆಡ್ಡಿಯವರದು. ಕೇರಳದ ಇಪ್ಪತ್ತಕ್ಕೆ ಇಪ್ಪತ್ತೂ ಕಾಂಗ್ರೆಸ್ ಮೈತ್ರಿಕೂಟದ ಪಾಲಾದವು. ದಕ್ಷಿಣದ ಈ ಮತವನ್ನು ರಾಷ್ಟ್ರೀಯ ಚರಿತ್ರೆಕಾರರು ಒಂದು ಅಡಿಟಿಪ್ಪಣಿಯಲ್ಲಿ ಮುಗಿಸುವುದು ವಾಡಿಕೆ: ಅಲ್ಲಿ ತುರ್ತು ಪರಿಸ್ಥಿತಿಯ ಬಿಸಿ ತಟ್ಟಿರಲಿಲ್ಲ, ಹಾಗಾಗಿ ಜನ ಹಳೆಯ ಅಭ್ಯಾಸದಂತೆ ಮತ ಹಾಕಿದರು. ಈ ವಿವರಣೆಯಲ್ಲಿ ಅರ್ಧ ಸತ್ಯವಿದೆ. ದಕ್ಷಿಣದ ಮತದಾರ ಏನನ್ನು ಅನುಭವಿಸಲಿಲ್ಲ ಎಂಬುದನ್ನು ಇದು ಹೇಳುತ್ತದೆ, ಏನನ್ನು ಪಡೆದ ಎಂಬುದನ್ನು ಕೇಳುವುದಿಲ್ಲ. ಆ ಪ್ರಶ್ನೆ ಕೇಳದಿದ್ದರೆ, ತನ್ನ ಊರಲ್ಲಿ ಗೆದ್ದು ದಿಲ್ಲಿಯಲ್ಲಿ ಸೋತ ಮತದಾರ ಮಾರ್ಚ್ 21ರ ಬೆಳಿಗ್ಗೆ ಆ ಸುದ್ದಿಯನ್ನು ಹೇಗೆ ತೆಗೆದುಕೊಂಡನೆಂಬುದೂ ತಿಳಿಯುವುದಿಲ್ಲ.

ರೇಡಿಯೊ ತಂದ ಸುದ್ದಿ

ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ವಿಚಿತ್ರವೆಂದರೆ ರಾಜಧಾನಿಗಿಂತ ಮೊದಲು ಟಿ.ವಿ. ನೋಡಿದ್ದು ಗುಲ್ಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಗಳ ಕೆಲವು ಹಳ್ಳಿಗಳು. ಆದರೆ ಅಲ್ಲಿ ನಡೆದ ಉಪಗ್ರಹ ಪ್ರಸಾರದ ಪ್ರಯೋಗ 1976ರ ಜುಲೈಗೇ ಮುಗಿದಿತ್ತು. ಹೀಗಾಗಿ 1977ರ ಫಲಿತಾಂಶ ಕನ್ನಡಿಗರಿಗೆ ತಲುಪಿದ್ದು ಕಿವಿಯ ಮೂಲಕ, ಆಕಾಶವಾಣಿಯಿಂದ. ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಬೇಕಿದ್ದ ಕಾಲ ಅದು. ಪಂಚಾಯ್ತಿ ಕಟ್ಟೆ, ಹೋಟೆಲು, ಉಳ್ಳವರ ಮನೆಯ ಜಗುಲಿ, ಇವೇ ಸುದ್ದಿ ಕೇಳುವ ಜಾಗಗಳು. ಮತಪತ್ರಗಳನ್ನು ಕೈಯಲ್ಲೇ ಎಣಿಸುತ್ತಿದ್ದುದರಿಂದ ಫಲಿತಾಂಶವೂ ಒಮ್ಮೆಗೇ ಬರುತ್ತಿರಲಿಲ್ಲ. ಒಂದು ವಾರ್ತೆಯಿಂದ ಇನ್ನೊಂದು ವಾರ್ತೆಗೆ ಜನ ಕಾಯಬೇಕಿತ್ತು.

ಈ ರೇಡಿಯೊವನ್ನು ಜನ ಆಗ ಎಷ್ಟು ನಂಬುತ್ತಿದ್ದರು? ಹತ್ತೊಂಬತ್ತು ತಿಂಗಳಿಗೂ ಹೆಚ್ಚು ಕಾಲ ಅದು ಸರ್ಕಾರದ ತುತ್ತೂರಿಯಾಗಿತ್ತು. ಪ್ರಚಾರದ ದಿನಗಳಲ್ಲಿ ದಿಲ್ಲಿಯ ರಾಮಲೀಲಾ ಮೈದಾನದ ವಿರೋಧ ಪಕ್ಷದ ಸಭೆಗೆ ಜನ ಹೋಗದಿರಲೆಂದು ಅಲ್ಲಿನ ದೂರದರ್ಶನ ‘ಬಾಬಿ’ ಚಲನಚಿತ್ರ ತೋರಿಸಿದ ಕಥೆ ಪ್ರಸಿದ್ಧ. ಜನ ಸಿನಿಮಾ ಬಿಟ್ಟು ಬಾಬು ಜಗಜೀವನ ರಾಂ ಅವರ ಭಾಷಣ ಕೇಳಲು ಹೋದರು. ಅಂಥ ಸರ್ಕಾರಿ ಮಾಧ್ಯಮವೇ ಪ್ರಧಾನಿ ಸೋತರೆಂದು ಹೇಳಿದ್ದು, ಸುದ್ದಿಯ ಮೇಲಿನ ನಂಬಿಕೆಯನ್ನು ಬೇರಾವ ಪುರಾವೆಯೂ ಕೊಡಲಾಗದಷ್ಟು ಗಟ್ಟಿ ಮಾಡಿರಬೇಕು.

ರೇಡಿಯೊ ಸಾರಿದ ಈ ಅಧಿಕಾರ ಬದಲಾವಣೆಯಲ್ಲಿ ಒಬ್ಬ ಕನ್ನಡಿಗರ ಪಾತ್ರವನ್ನು ನಾವು ಮರೆಯುತ್ತೇವೆ. ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಫೆಬ್ರುವರಿ 11ರಂದು ತೀರಿಕೊಂಡಿದ್ದರಿಂದ ಉಪರಾಷ್ಟ್ರಪತಿ ಬಿ.ಡಿ. ಜತ್ತಿ ಹಂಗಾಮಿ ರಾಷ್ಟ್ರಪತಿಯಾಗಿದ್ದರು. ಜಮಖಂಡಿ ಸೀಮೆಯ ಸಾವಳಗಿಯಲ್ಲಿ ಹುಟ್ಟಿ, ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಜತ್ತಿಯವರ ಕಾಲದಲ್ಲೇ ಮಾರ್ಚ್ 21ರಂದು ತುರ್ತು ಪರಿಸ್ಥಿತಿ ರದ್ದಾಯಿತು. 24ರಂದು ಮೊರಾರ್ಜಿ ದೇಸಾಯಿಯವರಿಗೆ ಪ್ರಮಾಣವಚನ ಬೋಧಿಸಿದವರೂ ಅವರೇ. ಒಂದು ತಿಂಗಳ ಬಳಿಕ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸುವ ಕಡತ ಬಂದಾಗ ಅವರು ಸಹಿಗೆ ಹಿಂದೇಟು ಹಾಕಿದ್ದು ಹೊಸ ಸರ್ಕಾರದ ಬೆಂಬಲಿಗರನ್ನು ಕೆರಳಿಸಿತ್ತು.

ಇಬ್ಬರು ಕರಾವಳಿಯವರು ಮತ್ತು ಅವರ ತವರು

ಕರ್ನಾಟಕದ ಪ್ರತಿಕ್ರಿಯೆಯನ್ನು ಅಳೆಯಲು ದಕ್ಷಿಣ ಕನ್ನಡಕ್ಕಿಂತ ಒಳ್ಳೆಯ ಜಾಗವಿಲ್ಲ. ಆ ಚುನಾವಣೆಯಲ್ಲಿ ಜನತಾ ಪಕ್ಷದ ಎರಡು ದೊಡ್ಡ ಗೆಲುವು ಆ ಜಿಲ್ಲೆಯ ಮಕ್ಕಳದು, ಆದರೆ ಎರಡೂ ಜಿಲ್ಲೆಯ ಹೊರಗೆ. ಕಾರ್ಕಳದ ಕಡೆಯ ಕೆ.ಎಸ್. ಹೆಗ್ಡೆ 1973ರಲ್ಲಿ ಮುಖ್ಯ ನ್ಯಾಯಮೂರ್ತಿ ಹುದ್ದೆಗೆ ತಮ್ಮನ್ನು ಕಡೆಗಣಿಸಿದ್ದಕ್ಕೆ ಸುಪ್ರೀಂ ಕೋರ್ಟಿಗೆ ರಾಜೀನಾಮೆ ಕೊಟ್ಟು ಬಂದವರು. ಗೆದ್ದದ್ದು ಬೆಂಗಳೂರು ದಕ್ಷಿಣದಲ್ಲಿ. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಬರೋಡಾ ಡೈನಮೈಟ್ ಪ್ರಕರಣದ ಆರೋಪಿಯಾಗಿ ಜೈಲಿನೊಳಗಿಂದಲೇ ಬಿಹಾರದ ಮುಜಫ್ಫರ್‌ಪುರದಲ್ಲಿ ನಿಂತರು. ಕೋಳ ತೊಟ್ಟ ಕೈ ಎತ್ತಿದ ಅವರ ಚಿತ್ರವೇ ಅಲ್ಲಿ ಪ್ರಚಾರ ಮಾಡಿತು. ಅವರ ಗೆಲುವಿನ ಅಂತರ 3 ಲಕ್ಷಕ್ಕೂ ಹೆಚ್ಚು.

ತವರಿನಲ್ಲಿ ಏನಾಯಿತು? ಮಂಗಳೂರು ಆರಿಸಿದ್ದು ಕಾಂಗ್ರೆಸ್ಸಿನ ಜನಾರ್ದನ ಪೂಜಾರಿಯವರನ್ನು, ಉಡುಪಿ ಆರಿಸಿದ್ದು ಅದೇ ಪಕ್ಷದ ಟಿ.ಎ. ಪೈಯವರನ್ನು. ಜಾರ್ಜ್ ಅವರ ತಮ್ಮ ಲಾರೆನ್ಸ್ ಬೆಂಗಳೂರು ಪೊಲೀಸರ ಕೈಯಲ್ಲಿ ಚಿತ್ರಹಿಂಸೆ ಅನುಭವಿಸಿದ್ದರು. ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿದ್ದ ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ, ಜನವರಿ 20ರಂದು, ತೀರಿಕೊಂಡಿದ್ದರು. ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬಂಧಿಯಾಗಿದ್ದದ್ದೂ ಅದೇ ಜೈಲಿನಲ್ಲಿ. ಕರಾವಳಿಯವರೇ ಆದ ಶಿವರಾಮ ಕಾರಂತರು ಪದ್ಮಭೂಷಣ ಹಿಂದಿರುಗಿಸಿದ್ದರು. ಅಂದರೆ ಕರ್ನಾಟಕಕ್ಕೆ ಬಿಸಿಯೇ ತಟ್ಟಿರಲಿಲ್ಲ ಎನ್ನುವಂತಿಲ್ಲ. ಇಷ್ಟಿದ್ದೂ ಕರಾವಳಿ ಕಾಂಗ್ರೆಸ್ಸಿಗೆ ಒಲಿಯಿತು.

ಏಕೆ ಎಂಬುದಕ್ಕೆ ಉತ್ತರ ತಾಲ್ಲೂಕು ಕಚೇರಿಯಲ್ಲಿದೆ. ಮುಖ್ಯಮಂತ್ರಿ ದೇವರಾಜ ಅರಸು ಅವರ ಕಾಂಗ್ರೆಸ್ ಸರ್ಕಾರ ತಿದ್ದುಪಡಿ ಮಾಡಿದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಯಾಗಿ, ಗೇಣಿ ಜಮೀನೆಲ್ಲ ಸರ್ಕಾರದ ವಶವಾಯಿತು. ಗೇಣಿದಾರ ಏಳನೇ ನಮೂನೆಯಲ್ಲಿ ಅರ್ಜಿ ಹಾಕಬೇಕಿತ್ತು; ಭೂನ್ಯಾಯಮಂಡಳಿ ವಿಚಾರಣೆ ನಡೆಸಿ ಅಧಿಭೋಗದ ಹಕ್ಕು ಕೊಡುತ್ತಿತ್ತು. ಕರಾವಳಿಯಲ್ಲಿ ಇದನ್ನು ‘ಡಿಕ್ಲರೇಶನ್ ಕೊಡುವುದು’ ಎನ್ನುತ್ತಿದ್ದರು. ಮಂಡಳಿಯಲ್ಲಿ ಉಪವಿಭಾಗಾಧಿಕಾರಿಯ ಜೊತೆ ಸರ್ಕಾರ ನೇಮಿಸಿದ ಸದಸ್ಯರು, ಅವರಲ್ಲಿ ಪರಿಶಿಷ್ಟ ಜಾತಿಯವರೂ ಒಬ್ಬರು. ವಕೀಲರಿಗೆ ಪ್ರವೇಶವಿರಲಿಲ್ಲ. ಕೋರ್ಟು ಮೆಟ್ಟಿಲು ಹತ್ತಲು ಹಣವಿಲ್ಲದ ಒಕ್ಕಲಿಗೆ ಈ ಕೊನೆಯ ಷರತ್ತು ಎಂಥ ಬಲ ಕೊಟ್ಟಿತೆಂದರೆ, ಧಣಿ ಮತ್ತು ಒಕ್ಕಲು ಮೊದಲ ಬಾರಿಗೆ ಒಂದೇ ಮೇಜಿನ ಮುಂದೆ ನಿಂತು ತಮ್ಮ ಬಾಯಿಂದಲೇ ಹೇಳಿಕೆ ಕೊಡಬೇಕಾಯಿತು. ರಾಜ್ಯದಾದ್ಯಂತ ಬಂದ ಅರ್ಜಿಗಳು ಎಂಟು ಲಕ್ಷದ ಆಸುಪಾಸು. ಗೇಣಿ ಜಮೀನು ಹೆಚ್ಚಿದ್ದ ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗ ಜಿಲ್ಲೆಗಳಲ್ಲಿ ಮಂಡಳಿಗಳಿಗೆ ಬಿಡುವೇ ಇರಲಿಲ್ಲ.

1977ರ ಮಾರ್ಚ್‌ನಲ್ಲಿ ಈ ಅರ್ಜಿಗಳಲ್ಲಿ ಬಹಳಷ್ಟು ಇನ್ನೂ ತೀರ್ಮಾನವಾಗಿರಲಿಲ್ಲ. ದಿಲ್ಲಿಯಲ್ಲಿ ಇಂದಿರಮ್ಮ ಸೋತರೆಂಬ ಸುದ್ದಿ ಕೇಳಿದ ಗೇಣಿದಾರನಿಗೆ ಅದು ಪ್ರಜಾಪ್ರಭುತ್ವದ ಪುನರುತ್ಥಾನಕ್ಕಿಂತ ಮೊದಲು ತನ್ನ ಕಡತದ ಪ್ರಶ್ನೆ. ಕರ್ನಾಟಕದ ಜನತಾ ಪಕ್ಷದ ಮುಂಚೂಣಿಯಲ್ಲಿದ್ದವರು ಹಳೆಯ ಸಂಸ್ಥಾ ಕಾಂಗ್ರೆಸ್ಸಿನವರು, ಅರಸು ಬರುವ ಮುನ್ನ ರಾಜ್ಯ ಆಳಿದವರು. ಆ ಆಳ್ವಿಕೆಯಲ್ಲಿ ಭೂಮಿಯುಳ್ಳ ಸಮುದಾಯಗಳ ಮಾತೇ ನಡೆಯುತ್ತಿತ್ತು. ಅವರು ಮರಳಿದರೆ ಮಂಡಳಿಗಳು ಉಳಿಯುತ್ತವೆಯೇ ಎಂಬ ಅಳುಕಿಗೆ ಕಾರಣವಿತ್ತು. ‘ಕಾಂಗ್ರೆಸ್ ಉಳಿದ ಐದು ರಾಜ್ಯಗಳ’ ಬಗ್ಗೆ 1978ರಲ್ಲೇ ಬರೆದ ರಾಜಕೀಯ ವಿಜ್ಞಾನಿ ಜೇಮ್ಸ್ ಮೇನರ್ ಕೂಡ ಈ ರಾಜ್ಯಗಳನ್ನು ಒಂದೇ ಗಂಟಿಗೆ ಕಟ್ಟದೆ, ಆಯಾ ರಾಜ್ಯದ ರಾಜಕಾರಣದಲ್ಲೇ ಕಾರಣ ಹುಡುಕಿದರು.

ಉತ್ತರದ ಹಳ್ಳಿಯ ಜೊತೆ ಹೋಲಿಸಿ ನೋಡಿ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು, ಬಹುಪಾಲು ಗಂಡಸರಿಗೆ. ಹರಿಯಾಣದ ಉಟ್ಟಾವರ್ ಗ್ರಾಮವನ್ನು ಪೊಲೀಸರು ಸುತ್ತುವರಿದು ಗಂಡಸರನ್ನು ಒಯ್ದರು. ದಿಲ್ಲಿಯ ತುರ್ಕ್‌ಮಾನ್ ಗೇಟಿನಲ್ಲಿ ಮನೆ ಕೆಡವುವುದನ್ನು ತಡೆದವರ ಮೇಲೆ ಗುಂಡು ಹಾರಿತು. ಅಲ್ಲಿ ಸರ್ಕಾರ ಬಡವನ ಮೈಗೆ ಕೈ ಹಾಕಿತ್ತು. ಮಲೆನಾಡು, ಕರಾವಳಿಯಲ್ಲಿ ಅದೇ ಪಕ್ಷದ ಸರ್ಕಾರ ಪಹಣಿಯಲ್ಲಿ ಅವನ ಹೆಸರು ಬರೆಯುತ್ತಿತ್ತು. ಆಪರೇಷನ್ ಗುರಿ ಮುಟ್ಟಿಸುವ ಒತ್ತಡ ಕರ್ನಾಟಕದ ಶಾಲಾ ಮೇಷ್ಟರಿಗೂ ಗ್ರಾಮ ಲೆಕ್ಕಿಗರಿಗೂ ಇತ್ತು, ನಿಜ. ಆದರೆ ಅದು ಸರ್ಕಾರದ ಒಂದು ಮುಖವಾಗಿತ್ತೇ ಹೊರತು ಇಡೀ ಮುಖವಾಗಿರಲಿಲ್ಲ.

ಸಂಭ್ರಮಿಸಿದವರೂ ಇದ್ದರು

ಕರ್ನಾಟಕವನ್ನು ಇಂದಿರಾ ನಿಷ್ಠೆಯ ಗಟ್ಟಿಮುದ್ದೆಯಂತೆ ಚಿತ್ರಿಸುವುದೂ ತಪ್ಪು. ಕಾಂಗ್ರೆಸ್ಸಿಗೆ ಬಂದದ್ದು ಶೇ 56ರಿಂದ 57ರಷ್ಟು ಮತ. ಜನತಾ ಪಕ್ಷಕ್ಕೆ ಶೇ 40ರ ಸಮೀಪ. ಐವರಲ್ಲಿ ಇಬ್ಬರು ಸರ್ಕಾರದ ವಿರುದ್ಧವೇ ಇದ್ದರು. ಅವರ ಮತ ಸೀಟುಗಳಾಗಲಿಲ್ಲ, ಅಷ್ಟೆ. ಈ ಜನರ ಸ್ಥಿತಿ ತಿರುವುಮುರುವು: ಊರಲ್ಲಿ ಸೋತು ದಿಲ್ಲಿಯಲ್ಲಿ ಗೆದ್ದವರು. ಕಾಲೇಜು ವಿದ್ಯಾರ್ಥಿಗಳು, ವಕೀಲರು, ಸಮಾಜವಾದಿ ಮತ್ತು ಸಂಘದ ಕಾರ್ಯಕರ್ತರು, ಮೀಸಾ ಕಾಯ್ದೆಯಡಿ ಜೈಲಿನೊಳಗಿದ್ದವರ ಮನೆಯವರು ಈ ಗುಂಪಿನವರು. ಬೆಂಗಳೂರು ನಗರವೇ ಎರಡಾಗಿ ಸೀಳಿತ್ತು: ಬಸವನಗುಡಿ, ಜಯನಗರದ ಕಡೆ ಹೆಗ್ಡೆ ಗೆದ್ದರೆ, ಬೆಂಗಳೂರು ಉತ್ತರ ಸಿ.ಕೆ. ಜಾಫರ್ ಷರೀಫ್ ಅವರನ್ನು ಆರಿಸಿತು. ಹಾಸನದ್ದು ಬೇರೆ ಲೆಕ್ಕ. ಎಚ್.ಡಿ. ದೇವೇಗೌಡರ ಜಿಲ್ಲೆಯಾದ ಅಲ್ಲಿ ನಂಜೇಶಗೌಡರ ಗೆಲುವಿಗೆ ತುರ್ತು ಪರಿಸ್ಥಿತಿಯ ವಿರೋಧದಷ್ಟೇ ಅರಸು ವಿರೋಧವೂ ಕಾರಣ ಎಂದು ನಾನು ಭಾವಿಸುತ್ತೇನೆ.

ಅಂದಿನ ಸಂಭ್ರಮದ ದಾಖಲೆ ಉಳಿದದ್ದು ಹೆಚ್ಚಾಗಿ ದಿಲ್ಲಿಯಲ್ಲಿ ಗೆದ್ದ ಈ ಗುಂಪಿನವರಿಂದಲೇ. ಆತ್ಮಕಥೆ ಬರೆದವರು, ಪತ್ರಿಕೆಯಲ್ಲಿದ್ದವರು, ಜೈಲಿನ ನೆನಪು ಬರೆದವರು ಇವರು. ಗೇಣಿದಾರ ಆತ್ಮಕಥೆ ಬರೆಯಲಿಲ್ಲ. ಅವನ ಪ್ರತಿಕ್ರಿಯೆ ಸಿಗುವುದು ಮುಂದಿನ ಮತಪೆಟ್ಟಿಗೆಗಳಲ್ಲಿ.

ತಡವಾಗಿ ಬಂದ ಉತ್ತರ

ಆ ಮತಪೆಟ್ಟಿಗೆಗಳು ಬೇಗನೆ ಬಂದವು. ಕೇಂದ್ರದ ಹೊಸ ಸರ್ಕಾರ ಅರಸು ವಿರುದ್ಧದ ಆರೋಪಗಳ ವಿಚಾರಣೆಗೆ ಗ್ರೋವರ್ ಆಯೋಗ ನೇಮಿಸಿತು. 1977ರ ಡಿಸೆಂಬರ್ ಕೊನೆಗೆ ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ ಬಂತು. 1978ರ ಫೆಬ್ರುವರಿಯ ವಿಧಾನಸಭಾ ಚುನಾವಣೆಯಲ್ಲಿ, ಕಾಂಗ್ರೆಸ್ ಒಡೆದು ಆಗಷ್ಟೇ ಹುಟ್ಟಿದ ಇಂದಿರಾ ಕಾಂಗ್ರೆಸ್ 224ರಲ್ಲಿ 149 ಸ್ಥಾನ ಗೆದ್ದಿತು. ಹಸು-ಕರುವಿನ ಗುರುತು ಹೋಗಿ ಹಸ್ತ ಬಂದಿತ್ತು. ಹೊಸ ಗುರುತನ್ನು ಜನ ಕೆಲವೇ ವಾರಗಳಲ್ಲಿ ಕಲಿತರು.

ಆಮೇಲಿನದು ಚಿಕ್ಕಮಗಳೂರು. ಡಿ.ಬಿ. ಚಂದ್ರೇಗೌಡರು ತೆರವು ಮಾಡಿದ ಕ್ಷೇತ್ರದಲ್ಲಿ 1978ರ ನವೆಂಬರ್‌ನಲ್ಲಿ ಇಂದಿರಾ ನಿಂತಾಗ, ಎದುರಾಳಿ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲ್. ಕೇಂದ್ರ ಸಚಿವರಾಗಿದ್ದ ಜಾರ್ಜ್ ಫರ್ನಾಂಡಿಸ್ ಕನ್ನಡ ನಾಡಿಗೆ ಬಂದು ಘಾಟಿ ಹತ್ತಿ ಇಳಿದು ಪ್ರಚಾರ ಮಾಡಿದರು. ದಿಲ್ಲಿಯಿಂದ ಬಂದ ವರದಿಗಾರರಿಗೆ ಕಾಫಿ ತೋಟದ ಕೂಲಿಯಾಳುಗಳ ಇಂದಿರಾ ಭಕ್ತಿ ಒಂದು ವಿಸ್ಮಯ. ತುರ್ತು ಪರಿಸ್ಥಿತಿಯ ಪಾಪಗಳ ಪಟ್ಟಿ ಆ ವರದಿಗಾರರ ಬಳಿ ಇತ್ತು. ಇಲ್ಲಿನ ಮತದಾರರು ಕೇಳುತ್ತಿದ್ದದ್ದು ನಿವೇಶನ, ಸಾಲಮನ್ನಾ, ಕೂಲಿಯ ಪ್ರಶ್ನೆ. ಇಂದಿರಾ 77 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಡಿಸೆಂಬರ್‌ನಲ್ಲಿ ಲೋಕಸಭೆ ಅವರನ್ನು ಹೊರಹಾಕಿ ಜೈಲಿಗೆ ಕಳಿಸಿತು. ರಾಯ್‌ಬರೇಲಿಯ ಮತದಾರರ ತೀರ್ಪಿಗೆ ತಲೆಬಾಗಿ ಸಂಭ್ರಮಿಸಿದವರೇ ಚಿಕ್ಕಮಗಳೂರಿನ ಮತದಾರರ ತೀರ್ಪನ್ನು ಆರು ವಾರ ತಾಳಿಕೊಳ್ಳಲಿಲ್ಲ.

ಇಲ್ಲಿಯವರೆಗಿನ ವಾದಕ್ಕೆ 1980 ಒಂದು ತೊಡಕು ಹಾಕುತ್ತದೆ, ಅದನ್ನು ಮುಚ್ಚಿಡುವಂತಿಲ್ಲ. 1979ರಲ್ಲಿ ಅರಸು ಮತ್ತು ಇಂದಿರಾ ಬೇರ್ಪಟ್ಟರು. ಭೂಸುಧಾರಣೆಯ ಋಣವೇ ಮತವಾಗಿದ್ದರೆ ಆ ಮತ ಅರಸು ಹಿಂದೆ ಹೋಗಬೇಕಿತ್ತು. ಕಾಯ್ದೆ ತಂದವರು ಅವರು, ಮಂಡಳಿ ಕಟ್ಟಿದವರು ಅವರು, ಹಾವನೂರ್ ಆಯೋಗ ನೇಮಿಸಿ ಹಿಂದುಳಿದವರಿಗೆ ಮೀಸಲಾತಿ ಕೊಟ್ಟವರು ಅವರು. 1980ರ ಜನವರಿಯಲ್ಲಿ ಇಂದಿರಾ ಕಾಂಗ್ರೆಸ್ ರಾಜ್ಯದ 28ರಲ್ಲಿ 27 ಗೆದ್ದಿತು. ಅರಸು ಪಕ್ಷಕ್ಕೆ ಒಂದೂ ಬರಲಿಲ್ಲ. ಮಂಗಳೂರು ಮತ್ತೆ ಪೂಜಾರಿಯವರನ್ನೇ ಕಳಿಸಿತು. ಬೆಂಗಳೂರು ದಕ್ಷಿಣ ಮತ್ತೆ ಜನತಾ ಪಕ್ಷವನ್ನೇ ಆರಿಸಿತು, ಈ ಸಲ ಟಿ.ಆರ್. ಶಾಮಣ್ಣ ಅವರನ್ನು. ಪಹಣಿಯಲ್ಲಿ ಹೆಸರು ಬರೆಸಿದ್ದು ಬೆಂಗಳೂರಿನ ಸರ್ಕಾರ. ಅದರ ಋಣವನ್ನು ಜನ ಸಲ್ಲಿಸಿದ್ದು ದಿಲ್ಲಿಯ ಇಂದಿರಮ್ಮನಿಗೆ. 1977ರಲ್ಲಿ ತಮ್ಮ ಊರಿನ ಗೆಲುವಿಗಿಂತ ದಿಲ್ಲಿಯ ಸೋಲು ಅವರನ್ನು ಹೆಚ್ಚು ತಟ್ಟಿದ್ದೂ ಇದೇ ಕಾರಣಕ್ಕೆ ಇರಬೇಕು.