೪೪೬ ಬೈಟುಗಳ ಜಗಳ

ನಮ್ಮ ಗಂಡಸಿ ಕಡೆ ಕಂಪ್ಯೂಟರ್ ಕೆಟ್ಟರೆ ಅರಸೀಕೆರೆಗೋ ಹಾಸನಕ್ಕೋ ಹೊತ್ತುಕೊಂಡು ಹೋಗಬೇಕು. ಅಲ್ಲಿ ಮೊದಲು ಕೇಳಿಬರುವ ಮಾತು "ಫಾರ್ಮ್ಯಾಟ್ ಮಾಡ್ಬೇಕು ಸಾರ್". ವಿಂಡೋಸ್ ಜೊತೆ ಲಿನಕ್ಸ್ ಹಾಕಿಕೊಂಡವರಿಗಂತೂ ಈ ಮಾತು ಬಲು ದುಬಾರಿ. ಮದುವೆ ಫೋಟೋ, ಬರೆದಿಟ್ಟ ಬರಹ ಎಲ್ಲಾ ನೀರಿಗೆ! ಆದರೆ ನಿಜಕ್ಕೂ ಕೆಟ್ಟಿದ್ದೆಷ್ಟು? ಹಳೇ ಕಂಪ್ಯೂಟರುಗಳಲ್ಲಿ ಬಹಳ ಸಲ ಬರೀ ೪೪೬ ಬೈಟು.

೧೯೮೩ರಲ್ಲಿ ಐಬಿಎಂ ಪಿಸಿ ಎಕ್ಸ್‌ಟಿ ಹಾರ್ಡ್ ಡಿಸ್ಕ್ ಸಮೇತ ಬಂತು. ಡಿಸ್ಕಿನ ಮೊದಲ ಸೆಕ್ಟರ್ ೫೧೨ ಬೈಟು. ಅದರಲ್ಲಿ ೬೪ ಬೈಟು ನಾಲ್ಕು ಪಾರ್ಟಿಶನ್‌ಗಳ ಪಟ್ಟಿಗೆ, ಕೊನೆಯ ಎರಡು ಗುರುತಿಗೆ. ಉಳಿದ ೪೪೬ರಲ್ಲಿ ಸಿಸ್ಟಮ್ ಎಬ್ಬಿಸುವ ಪುಟ್ಟ ಪ್ರೋಗ್ರಾಮ್. ಇದೇ ಎಂಬಿಆರ್. ಮನೆಗೆ ಒಂದೇ ಹೆಬ್ಬಾಗಿಲು ಅನ್ನಿ. ಅಣ್ಣತಮ್ಮಂದಿರು ಭಾಗವಾದ ಮೇಲೆ ಬಾಗಿಲು ಯಾರದು?

ಲಿನಕ್ಸ್‌ಗೆ ೧೯೯೨ರಲ್ಲಿ ಲಿಲೋ ಬಂತು. ಕರ್ನಲ್ ಡಿಸ್ಕಿನ ಯಾವ ಜಾಗದಲ್ಲಿದೆ ಅಂತ ಅದು ಮೊದಲೇ ಬರೆದಿಟ್ಟುಕೊಳ್ಳುತ್ತಿತ್ತು. ಕರ್ನಲ್ ಬದಲಾಯಿಸಿ ಲಿಲೋ ಮತ್ತೆ ಓಡಿಸದಿದ್ದರೆ ಕತೆ ಮುಗೀತು. ೧೯೯೫ರಲ್ಲಿ ಎರಿಕ್ ಬೋಲಿನ್ ಶುರುಮಾಡಿದ ಗ್ರಬ್, ಫೈಲ್ ಸಿಸ್ಟಮನ್ನೇ ಓದಿ ಕರ್ನಲ್ ಹುಡುಕುವುದನ್ನು ಕಲಿತಿತ್ತು.

೨೦೦೫ರಿಂದ ೨೦೧೧ರವರೆಗೆ ಉಬುಂಟು ಸಿಡಿ ಕೇಳಿದವರ ಮನೆಗೆ ಅಂಚೆಯಲ್ಲಿ ಪುಕ್ಕಟೆ ಬರುತ್ತಿತ್ತು, ನೆನಪಿದೆಯಾ? :) ಅದನ್ನು ಹಾಕಿಕೊಂಡ ಮೇಲೆ ಎಕ್ಸ್‌ಪಿ ಮತ್ತೆ ಇನ್‌ಸ್ಟಾಲ್ ಮಾಡಿದರೆ, ಎಕ್ಸ್‌ಪಿ ಒಂದು ಮಾತೂ ಕೇಳದೆ ಎಂಬಿಆರ್ ಮೇಲೆ ತನ್ನದನ್ನು ಬರೆದುಬಿಡುತ್ತಿತ್ತು. ಲಿನಕ್ಸ್ ಡಿಸ್ಕಿನಲ್ಲೇ ಇದೆ, ಹೋಗಲು ದಾರಿ ಮಾತ್ರ ಇಲ್ಲ! ಅದೇ ಸಿಡಿಯಿಂದ ಬೂಟ್ ಮಾಡಿ ಗ್ರಬ್ ಮತ್ತೆ ಹಾಕಿದರೆ ಎರಡೂ ಏಳುತ್ತಿದ್ದವು. 'ಮೊದಲು ವಿಂಡೋಸ್, ಆಮೇಲೆ ಲಿನಕ್ಸ್' ಅನ್ನೋ ಬುದ್ಧಿಮಾತಿನ ಹಿಂದಿರುವುದು ಇದೇ.

ಈಗಿನ ಯುಇಎಫ್‌ಐ ಯಂತ್ರಗಳಲ್ಲಿ ಇಬ್ಬರಿಗೂ ಬೇರೆ ಬೇರೆ ಫೋಲ್ಡರ್. ಜಗಳ ಮುಗೀತಾ? ಎಲ್ಲಿ ಬಂತು! ೨೦೧೨ರಲ್ಲಿ ವಿಂಡೋಸ್ ೮ ಜೊತೆ ಸೆಕ್ಯೂರ್ ಬೂಟ್ ಬಂತು. ಸಹಿ ಇಲ್ಲದವರಿಗೆ ಪ್ರವೇಶವಿಲ್ಲ. ಲಿನಕ್ಸ್ ಮೈಕ್ರೋಸಾಫ್ಟ್ ಸಹಿಯಿದ್ದ 'ಶಿಮ್' ಹಿಡಿದು ಒಳಬಂತು. ೨೦೨೪ರ ಆಗಸ್ಟ್‌ನಲ್ಲಿ ಒಂದು ವಿಂಡೋಸ್ ಅಪ್‌ಡೇಟ್ ಹಳೇ ಶಿಮ್‌ಗಳನ್ನು ತಡೆದು, ಎಷ್ಟೋ ಡ್ಯುಯಲ್ ಬೂಟ್ ಯಂತ್ರಗಳಲ್ಲಿ ಲಿನಕ್ಸ್ ಏಳಲೇ ಇಲ್ಲ. ಆಗಲೂ ಫೈಲುಗಳು ಇದ್ದಲ್ಲೇ ಇದ್ದವು. ಸೆಕ್ಯೂರ್ ಬೂಟ್ ಆಫ್ ಮಾಡಿದರೆ ಲಿನಕ್ಸ್ ಎದ್ದಿತು. (ಬಿಟ್‌ಲಾಕರ್ ಇದ್ದವರು ಅದರ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ!)

ನಲವತ್ತು ವರ್ಷದಲ್ಲಿ ಕೆಟ್ಟಿದ್ದು ಹೆಚ್ಚಾಗಿ ಬಾಗಿಲೇ, ಮನೆಯಲ್ಲ. ಲೈವ್ ಪೆನ್‌ಡ್ರೈವ್ ಒಂದನ್ನು ಮಾಡಿಟ್ಟುಕೊಳ್ಳಿ. ಡಿಸ್ಕ್ ತೆರೆದು ಫೈಲು ಕಾಣಿಸಿದರೆ ಮೊದಲು ಕಾಪಿ ಮಾಡಿ, ಆಮೇಲೆ ರಿಪೇರಿ. ಬಾಗಿಲು ಜಾಮ್ ಆಯ್ತು ಅಂತ ಯಾರಾದರೂ ಮನೆ ಕೆಡವ್ತಾರಾ?