ಖಾಲಿ ಪುಸ್ತಕಕ್ಕೆ ಮಾರ್ಕ್ಸ್ ಕೊಟ್ಟವರು!

ಒಂದು ಪುಸ್ತಕ. ಹೊರಗೆ ಚಂದದ ರಟ್ಟು. ಒಳಗೆ ಬರೀ ಬಿಳಿ ಹಾಳೆ, ಒಂದಕ್ಷರವೂ ಇಲ್ಲ. ಇದನ್ನು ನಿಮ್ಮ ಕೈಗಿಟ್ಟು, 'ಮಕ್ಕಳಿಗೆ ಈ ಪಠ್ಯ ಹೇಗಿದೆ, ಮಾರ್ಕ್ಸ್ ಹಾಕಿ' ಅಂದರೆ ಏನ್ಮಾಡ್ತೀರಿ? ತಮಾಷೆ ಮಾಡ್ತಿದ್ದಾರೆ ಅಂದುಕೊಂಡು ವಾಪಸ್ ಕೊಡ್ತೀರಿ. ಆದರೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪಠ್ಯಪುಸ್ತಕ ಆರಿಸೋ ಸಮಿತಿಯ ಕೆಲವರು ಹಾಗೆ ಮಾಡಲಿಲ್ಲ. ಮಾರ್ಕ್ಸ್ ಹಾಕಿದರು. ಅದೂ ಹೇಗೆ? ಅದೇ ಸರಣಿಯಲ್ಲಿ ಅಚ್ಚಾಗಿ ಬಂದಿದ್ದ ಇನ್ನೆರಡು ಪುಸ್ತಕಗಳಿಗಿಂತ ಒಂದು ಕೈ ಜಾಸ್ತಿ!

ಇದು ಕಟ್ಟುಕತೆಯಲ್ಲ. ಹೇಳಿದವರು ಸಾಮಾನ್ಯರೂ ಅಲ್ಲ. ರಿಚರ್ಡ್ ಫೈನ್‌ಮನ್. ಅಣುಬಾಂಬ್ ತಯಾರಿಸಿದ ಲಾಸ್ ಅಲಮೋಸ್ ತಂಡದಲ್ಲಿ ಇದ್ದವರು, 1965ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದವರು. ಅದರ ಹಿಂದಿನ ವರ್ಷ, 1964ರಲ್ಲಿ, ಅವರನ್ನು ಕ್ಯಾಲಿಫೋರ್ನಿಯಾ ರಾಜ್ಯದ ಪಠ್ಯಕ್ರಮ ಆಯೋಗಕ್ಕೆ ಸೇರಿಸಿಕೊಂಡರು. ಶಾಲೆಗಳ ಗಣಿತ ಪುಸ್ತಕ ಆರಿಸಬೇಕಿತ್ತು. ರಷ್ಯಾ 1957ರಲ್ಲಿ ಸ್ಪುಟ್ನಿಕ್ ಹಾರಿಸಿದ ಮೇಲೆ ಅಮೆರಿಕಕ್ಕೆ ಭಯ ಹುಟ್ಟಿತ್ತು. ನಮ್ಮ ಮಕ್ಕಳು ಗಣಿತದಲ್ಲಿ ಹಿಂದೆ ಬಿದ್ದರು ಅಂತ ಎಲ್ಲ ಕಡೆ 'ಹೊಸ ಗಣಿತ'ದ ಗಲಾಟೆ.

ಫೈನ್‌ಮನ್ ಮನೆಗೆ 300 ಪೌಂಡ್ ತೂಕದ ಪುಸ್ತಕ ಬಂದು ಬಿತ್ತು. ಜೋಡಿಸಿಟ್ಟರೆ 17 ಅಡಿ ಉದ್ದ. ಉಳಿದ ಸದಸ್ಯರು ಪುಸ್ತಕಗಳನ್ನು ಅವರಿವರಿಗೆ ಹಂಚಿ ಅಭಿಪ್ರಾಯ ತರಿಸಿಕೊಳ್ಳುತ್ತಿದ್ದರು. ನಿಮಗೂ ಓದೋಕೆ ಸಹಾಯಕರನ್ನು ಕೊಡ್ತೀವಿ ಅಂದರೆ ಈ ಮನುಷ್ಯ ಬೇಡ ಅಂದ. ಮನೆಯಲ್ಲಿ ಕೂತು ತಾನೇ ಓದಿದ. ಓದ್ತಾ ಓದ್ತಾ ಸಿಟ್ಟು ನೆತ್ತಿಗೇರುತ್ತಿತ್ತಂತೆ. ಒಂದು ಪುಸ್ತಕದಲ್ಲಿ ಬೇರೆ ಬೇರೆ ಬಣ್ಣದ ನಕ್ಷತ್ರಗಳ ತಾಪಮಾನ ಕೊಟ್ಟು, ಹುಡುಗನೂ ಅಪ್ಪನೂ ನೋಡಿದ ನಕ್ಷತ್ರಗಳ ಒಟ್ಟು ತಾಪಮಾನ ಎಷ್ಟು ಅಂತ ಲೆಕ್ಕ ಹಾಕಿಸಿದ್ದರು. ನೀವೇ ಹೇಳಿ, ಬೆಂಗಳೂರಲ್ಲಿ 30 ಡಿಗ್ರಿ, ಕಲಬುರಗಿಯಲ್ಲಿ 40 ಡಿಗ್ರಿ ಇದೆ ಅಂತಿಟ್ಟುಕೊಳ್ಳಿ. ಎರಡೂ ಸೇರಿ 70 ಡಿಗ್ರಿ ಸೆಕೆ ಅನ್ನೋಕಾಗುತ್ತಾ? ಕೂಡಿಸೋದು ಸರಿ, ಆದರೆ ಕೂಡಿಸಿದ್ದಕ್ಕೆ ಅರ್ಥವೇ ಇಲ್ಲ.

ಆ ಖಾಲಿ ಪುಸ್ತಕದ ವಿಷಯ ಬಯಲಾಗಿದ್ದು ಸಭೆಯಲ್ಲಿ. ಮೂರು ಭಾಗದ ಸರಣಿಯಲ್ಲಿ ಮೂರನೇ ಭಾಗದ ಬಗ್ಗೆ ಏನಂತೀರಿ ಅಂತ ಫೈನ್‌ಮನ್‌ರನ್ನು ಕೇಳಿದರು. ನನಗೆ ಅದು ಬಂದೇ ಇಲ್ಲ ಅಂದರು. ಬೇರೆಯವರು ಆಗಲೇ ಅಂಕ ಕೊಟ್ಟು ಕೂತಿದ್ದರು. ಆಗ ಪುಸ್ತಕ ಕಳಿಸಿದ ಗೋದಾಮಿನವನೇ ಎದ್ದು ನಿಜ ಹೇಳಿದ. ಮೂರನೇ ಭಾಗ ಸಮಯಕ್ಕೆ ತಯಾರಾಗಿರಲಿಲ್ಲ, ರಟ್ಟಿನೊಳಗೆ ಬಿಳಿ ಹಾಳೆ ಸೇರಿಸಿ ಕಳಿಸಿದ್ದರು.

ಇಲ್ಲಿ ಸ್ವಲ್ಪ ನಿಲ್ಲೋಣ. ಅಮೆರಿಕದಲ್ಲಿ ಪಠ್ಯ ಆರಿಸೋ ವ್ಯವಸ್ಥೆ ನಮ್ಮ ಹಾಗಿಲ್ಲ. ನಮ್ಮ ಸರ್ಕಾರಿ ಶಾಲೆಗಳಿಗೆ ಪುಸ್ತಕ ರಾಜ್ಯ ಸರ್ಕಾರದಿಂದಲೇ ಬರುತ್ತೆ. ಬೀದರಿನ ಮಗುವಿಗೂ ಚಾಮರಾಜನಗರದ ಮಗುವಿಗೂ ಒಂದೇ ಪುಸ್ತಕ. ಅಲ್ಲಿ ಪುಸ್ತಕ ಬರೆಸೋದು, ಮಾರೋದು ಖಾಸಗಿ ಪ್ರಕಾಶಕರು. ಕೊಳ್ಳೋದು 'ಸ್ಕೂಲ್ ಡಿಸ್ಟ್ರಿಕ್ಟ್'. ಡಿಸ್ಟ್ರಿಕ್ಟ್ ಅಂದ ತಕ್ಷಣ ನಮ್ಮ ಜಿಲ್ಲೆ ಅಂದುಕೋಬೇಡಿ. ಅದು ಶಾಲೆ ನಡೆಸೋದಕ್ಕೇ ಇರುವ ಸ್ಥಳೀಯ ಆಡಳಿತ, ಬಹುತೇಕ ಕಡೆ ಜನ ಆರಿಸಿದ ಮಂಡಳಿಯ ಕೈಕೆಳಗೆ. ಇಂಥವು ದೇಶದಲ್ಲಿ ಸುಮಾರು 13,000 ಇವೆ. ಕೆಲವು ರಾಜ್ಯಗಳು ಮೊದಲು ತಾವೇ ಜರಡಿ ಹಿಡಿದು ಪಟ್ಟಿ ಮಾಡುತ್ತವೆ, ಉಳಿದವು ಎಲ್ಲವನ್ನೂ ಡಿಸ್ಟ್ರಿಕ್ಟ್‌ಗೆ ಬಿಡುತ್ತವೆ. ಡಿಸ್ಟ್ರಿಕ್ಟ್‌ನಲ್ಲಿ ಮೇಷ್ಟ್ರುಗಳ ಒಂದು ಸಮಿತಿ, ಅವರ ಕೈಗೆ ಅಂಕ ಹಾಕೋ ಹಾಳೆ, ಪ್ರಕಾಶಕರ ಸೇಲ್ಸ್‌ನವರ ಭೇಟಿ, ಕೆಲವು ತರಗತಿಗಳಲ್ಲಿ ಪ್ರಯೋಗ, ಕೊನೆಗೆ ಮಂಡಳಿಯಲ್ಲಿ ಮತ. ಕೋಟ್ಯಂತರ ಡಾಲರ್ ವ್ಯವಹಾರ. ಫೈನ್‌ಮನ್‌ಗೂ ಪ್ರಕಾಶಕರ ಕಡೆಯಿಂದ ಹಬ್ಬಕ್ಕೆ ಒಣಹಣ್ಣಿನ ಡಬ್ಬ ಬಂದಿತ್ತು, ಬಂಗಾರದ ಅಕ್ಷರದಲ್ಲಿ ಹೆಸರು ಕೆತ್ತಿದ ಚರ್ಮದ ಬ್ರೀಫ್‌ಕೇಸ್ ಬಂದಿತ್ತು. ಎಲ್ಲೋ ಕೇಳಿದ ಹಾಗಿದೆ ಅಲ್ವಾ?

ಅಂಕ ಹಾಕೋ ಹಾಳೆ ಅಂದೆನಲ್ಲ, ಅದರ ಕತೆ ಫೈನ್‌ಮನ್‌ಗಿಂತ ಹಳೆಯದು. ಮತ್ತು ಹೆಚ್ಚು ಭಯಂಕರವಾದದ್ದು.

ಗುಲಾಮಗಿರಿಯ ಪ್ರಶ್ನೆ ಮೇಲೆ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳು ಬಡಿದಾಡಿಕೊಂಡವು. 1865ರಲ್ಲಿ ದಕ್ಷಿಣ ಸೋತಿತು. ಯುದ್ಧಭೂಮಿಯಲ್ಲಿ ಸೋತವರು ತರಗತಿಯಲ್ಲಿ ಗೆಲ್ಲಲು ಹೊರಟರು. ಜಾರ್ಜಿಯಾದಲ್ಲಿ ಮಿಲ್ಡ್ರೆಡ್ ಲೂಯಿಸ್ ರುದರ್‌ಫರ್ಡ್ ಅಂತ ಒಬ್ಬ ಶಾಲಾ ಮುಖ್ಯಸ್ಥೆ ಇದ್ದರು. ದಕ್ಷಿಣದ ಸೈನಿಕರ ವಂಶದ ಹೆಣ್ಣುಮಕ್ಕಳ ದೊಡ್ಡ ಸಂಘಕ್ಕೆ ಇತಿಹಾಸಕಾರ್ತಿಯೂ ಆಗಿದ್ದವರು. 1920ರ ಹೊತ್ತಿಗೆ ಒಂದು ಕಿರುಹೊತ್ತಿಗೆ ತಂದರು. ಅದರ ಹೆಸರಿನಲ್ಲೇ 'ಅಳತೆಗೋಲು' ಅಂತಿತ್ತು. ಪಠ್ಯಪುಸ್ತಕ ಅಳೆಯೋ ಕೋಲು! ಮೇಷ್ಟ್ರು, ಶಾಲಾ ಮಂಡಳಿ, ಗ್ರಂಥಾಲಯದವರು ಇದನ್ನು ಹಿಡಿದು ಪುಸ್ತಕ ಅಳೆಯಬೇಕು. ದಕ್ಷಿಣದ ಸೈನಿಕನನ್ನು ದ್ರೋಹಿ ಅಂದಿದೆಯಾ? ತಿರಸ್ಕರಿಸಿ. ದಕ್ಷಿಣ ಹೋರಾಡಿದ್ದು ಗುಲಾಮರನ್ನು ಉಳಿಸಿಕೊಳ್ಳೋಕೆ ಅಂದಿದೆಯಾ? ತಿರಸ್ಕರಿಸಿ. ಗುಲಾಮರ ಮಾಲೀಕ ಕ್ರೂರಿಯಾಗಿದ್ದ ಅಂದಿದೆಯಾ? ಲಿಂಕನ್‌ನನ್ನು ಹೊಗಳಿದೆಯಾ? ತಿರಸ್ಕರಿಸಿ. ಲೈಬ್ರರಿಯಲ್ಲಿ ಆಗಲೇ ಇಟ್ಟಿದ್ದರೆ, ಇದು ದಕ್ಷಿಣಕ್ಕೆ ಅನ್ಯಾಯ ಮಾಡಿದ ಪುಸ್ತಕ ಅಂತ ಅದರ ಮೇಲೇ ಬರೆದಿಡಿ.

ಈ ಕೋಲು ಕೆಲಸ ಮಾಡಿತು. ಪ್ರಕಾಶಕನಿಗೆ ಬೇಕಾದದ್ದು ಮಾರಾಟ. ದಕ್ಷಿಣದ ರಾಜ್ಯಗಳು ಸಗಟಾಗಿ ಕೊಳ್ಳುತ್ತಿದ್ದವು. ಅವರ ಮನಸ್ಸು ನೋಯದ ಹಾಗೆ ಪುಸ್ತಕ ಬರೆಸಿದರು. ಒಂದೇ ಕಂಪನಿ ಉತ್ತರಕ್ಕೊಂದು, ದಕ್ಷಿಣಕ್ಕೊಂದು ಆವೃತ್ತಿ ತಂದದ್ದೂ ಉಂಟು. ಗುಲಾಮರ ಮೊಮ್ಮಕ್ಕಳೂ ಅದೇ ರಾಜ್ಯಗಳ ಶಾಲೆಗಳಲ್ಲಿ ಓದುತ್ತಿದ್ದರು ಅನ್ನೋದನ್ನು ನೆನಪಿಡಿ. ಆ ಮಗು ಮನೆಯಲ್ಲಿ ಅಜ್ಜಿಯ ಬಾಯಿಂದ ಕೇಳುತ್ತಿದ್ದ ಕತೆಗೂ ಪುಸ್ತಕದಲ್ಲಿ ಇದ್ದ ಕತೆಗೂ ತಾಳೆಯೇ ಇಲ್ಲ. ಪುಸ್ತಕ ಅಳೆಯೋ ಪದ್ಧತಿ ಇರಲಿಲ್ಲ ಅಂತಲ್ಲ. ಪಕ್ಕಾ ಪದ್ಧತಿ ಇತ್ತು, ಪ್ರಶ್ನಾವಳಿ ಇತ್ತು. ಕೋಲೇ ಸೊಟ್ಟ ಇತ್ತು.

ಮುಂದೆ ಟೆಕ್ಸಸ್. 1961. ಮೆಲ್ ಮತ್ತು ನೋರ್ಮಾ ಗೇಬ್ಲರ್ ಅಂತ ಗಂಡ ಹೆಂಡತಿ. ಗಂಡ ಎಣ್ಣೆ ಕಂಪನಿಯಲ್ಲಿ ನೌಕರ. ಮಗ ತಂದ ಇತಿಹಾಸದ ಪುಸ್ತಕ ನೋಡಿ ಇಬ್ಬರಿಗೂ ತಳಮಳ ಶುರುವಾಯಿತು. ಮನೆಯ ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಸಾಲು ಸಾಲು ಓದತೊಡಗಿದರು. ಆಮೇಲೆ ವರ್ಷ ವರ್ಷ ರಾಜ್ಯ ಶಿಕ್ಷಣ ಮಂಡಳಿಯ ಬಹಿರಂಗ ವಿಚಾರಣೆಗೆ ಹಾಜರ್. ಟೆಕ್ಸಸ್ ಒಪ್ಪದ ಪುಸ್ತಕಕ್ಕೆ ದೇಶದ ಮಾರುಕಟ್ಟೆಯಲ್ಲೇ ಹೊಡೆತ, ಯಾಕಂದರೆ ಅಷ್ಟು ದೊಡ್ಡ ಗಿರಾಕಿ ಅದು. ಹೀಗೆ ಒಂದು ಸಣ್ಣ ಊರಿನ ದಂಪತಿಯ ಮಾತಿಗೆ ನ್ಯೂಯಾರ್ಕ್‌ನ ಪ್ರಕಾಶಕರು ಬೆವರುವ ಹಾಗಾಯಿತು.

ಅವರ ಕೋಲೂ ನೇರ ಇರಲಿಲ್ಲ ಬಿಡಿ. ಕಟ್ಟಾ ಧಾರ್ಮಿಕರು, ವಿಕಾಸವಾದ ಕಂಡರೆ ಆಗದು. ವಿಜ್ಞಾನದ ಪುಸ್ತಕಗಳಿಗೆ ಅವರಿಂದ ಆದ ಹಾನಿ ಸಣ್ಣದಲ್ಲ. ಆದರೆ ನನಗೆ ಇವತ್ತಿಗೂ ಬಾಯಿ ಕಟ್ಟುವ ಸಂಗತಿ ಒಂದಿದೆ. 1991ರ ಸುಮಾರಿಗೆ, ಅಧಿಕೃತ ಪರಿಶೀಲನೆಯಲ್ಲಿ ಆಗಲೇ ಪಾಸಾಗಿದ್ದ ಅಮೆರಿಕ ಇತಿಹಾಸದ ಪುಸ್ತಕಗಳಲ್ಲಿ ಇವರು ಇನ್ನೂರಕ್ಕೂ ಹೆಚ್ಚು ತಪ್ಪು ಹೆಕ್ಕಿ ತೆಗೆದರು. ಅಭಿಪ್ರಾಯಭೇದ ಅಲ್ಲ, ನೇರ ತಪ್ಪುಗಳು. ಅಮೆರಿಕ ಬಾಂಬ್ ಪ್ರಯೋಗಿಸಿ ಕೊರಿಯಾ ಯುದ್ಧವನ್ನು ಮುಗಿಸಿತು ಅಂತ ಒಂದು ಪುಸ್ತಕದಲ್ಲಿತ್ತು! ವಿದ್ವಾಂಸರು, ಸಂಪಾದಕರು, ಸಮಿತಿಯವರು ಎಲ್ಲರ ಕಣ್ಣು ತಪ್ಪಿಸಿಕೊಂಡು ಬಂದ ಬಾಂಬ್ ಅದು. ಪ್ರಕಾಶಕರಿಗೆ ದಂಡ ಬಿತ್ತು.

ಸಮಿತಿಯವರಿಗೆ ಅದು ಯಾಕೆ ಕಾಣಲಿಲ್ಲ? ಹ್ಯಾರಿಯೆಟ್ ಟೈಸನ್-ಬರ್ನ್‌ಸ್ಟೈನ್ ಅನ್ನುವ ಲೇಖಕಿ 1988ರಲ್ಲಿ ಈ ಇಡೀ ದಂಧೆಯನ್ನು ಬಿಚ್ಚಿಟ್ಟರು. ಕೈಯಲ್ಲಿ ಸಮಯವಿಲ್ಲದ ಸದಸ್ಯರು ಮಾಡ್ತಿದ್ದದ್ದು ಹಾಳೆ ತಿರುವುವ ಪರೀಕ್ಷೆ. ಹೆಬ್ಬೆರಳಲ್ಲಿ ಪುಟ ಸರ್ರನೆ ಓಡಿಸೋದು. ಚಿತ್ರ ಬಣ್ಣದ್ದಾ? ಇಂಥ ವಿಷಯ ಪರಿವಿಡಿಯಲ್ಲಿ ಇದೆಯಾ? ಟಿಕ್ ಹಾಕು. ಪ್ರಕಾಶಕರು ಕೂಡ ಅದಕ್ಕೆ ತಕ್ಕ ಹಾಗೆ ಎಲ್ಲ ವಿಷಯವನ್ನೂ ಒಂದೊಂದು ಸಾಲು ತುರುಕಿ, ಮೇಲೆ ಚಿತ್ರ ಅಂಟಿಸಿ, ದಪ್ಪ ಪುಸ್ತಕ ಮಾಡಿದರು.

ಇದನ್ನು ಬರೆಯುವಾಗ ನನಗೆ ನನ್ನದೇ ಸ್ಟುಡಿಯೋ ನೆನಪಾಗುತ್ತೆ. ನಮ್ಮಲ್ಲಿ 2022ರಲ್ಲಿ ಪಠ್ಯಪುಸ್ತಕ ಪರಿಷ್ಕರಣೆಯ ಜಗಳ ಎದ್ದಾಗ ರಾತ್ರಿ ಚರ್ಚೆಗಳು ಹೇಗಿದ್ದವು ಅಂತ ನೀವೂ ನೋಡಿದ್ದೀರಿ. ಯಾವ ಪಾಠ ತೆಗೆದರು, ಯಾರ ಪಾಠ ಹಾಕಿದರು, ಯಾವ ಪಕ್ಷ, ಯಾವ ಸಿದ್ಧಾಂತ. ನಾನೂ ಗಂಟಲು ಹರಿದುಕೊಂಡಿದ್ದೇನೆ. ಆದರೆ ಆ ಪುಸ್ತಕದಿಂದ ಮಗು ಓದೋಕೆ ಕಲಿಯುತ್ತಾ, ಮೇಷ್ಟ್ರಿಗೆ ಪಾಠ ಮಾಡೋಕಾಗುತ್ತಾ ಅಂತ ನಾನು ಯಾರನ್ನೂ ಕೇಳಿದ ನೆನಪಿಲ್ಲ.

ಅಮೆರಿಕದಲ್ಲಿ ಆ ಪ್ರಶ್ನೆ ಕೇಳೋಕೆ ಶುರುವಾಗಿದ್ದು ತೀರಾ ಇತ್ತೀಚೆಗೆ. 2010ರಲ್ಲಿ 'ಕಾಮನ್ ಕೋರ್' ಅಂತ ಬಂತು. ಯಾವ ತರಗತಿಯ ಮಗು ಏನು ಕಲಿತಿರಬೇಕು ಅನ್ನೋ ಮಾನದಂಡ. ನಲವತ್ತಕ್ಕೂ ಹೆಚ್ಚು ರಾಜ್ಯಗಳು ಒಪ್ಪಿಕೊಂಡವು. ಪ್ರಕಾಶಕರು ಏನ್ಮಾಡಿದರು ಗೊತ್ತಾ? ಹಳೇ ಪುಸ್ತಕಕ್ಕೇ 'ಕಾಮನ್ ಕೋರ್‌ಗೆ ಹೊಂದಿಕೆ' ಅಂತ ಸ್ಟಿಕ್ಕರ್ ಅಂಟಿಸಿದರು! ಆಗ ಲೂಯಿಸಿಯಾನ ರಾಜ್ಯ ಒಂದು ಕೆಲಸ ಮಾಡಿತು. ಬಡ ರಾಜ್ಯ, ಶಿಕ್ಷಣದಲ್ಲಿ ಯಾವಾಗಲೂ ಕೊನೇ ಬೆಂಚು. 2012ರಲ್ಲಿ ಶಿಕ್ಷಣ ಮುಖ್ಯಸ್ಥರಾಗಿ ಬಂದ ಜಾನ್ ವೈಟ್ ಅವಧಿಯಲ್ಲಿ, ತರಗತಿಯಲ್ಲಿ ಪಾಠ ಮಾಡುವ ಮೇಷ್ಟ್ರುಗಳನ್ನೇ ಕೂರಿಸಿ ಪುಸ್ತಕಗಳನ್ನು ಪುಟ ಪುಟ ಓದಿಸಿದರು. ಒಂದು, ಎರಡು, ಮೂರು ಅಂತ ದರ್ಜೆ. ಆರಂಭದಲ್ಲಿ ಬಂದವೆಲ್ಲ ಹೆಚ್ಚುಕಡಿಮೆ ಫೇಲ್. ಕಳಪೆ ಪುಸ್ತಕವನ್ನು ನಿಷೇಧಿಸಲಿಲ್ಲ, ಗಮನಿಸಿ. ಮೊದಲ ದರ್ಜೆಯದನ್ನು ಕೊಂಡರೆ ಡಿಸ್ಟ್ರಿಕ್ಟ್‌ಗೆ ಖರೀದಿ ಸಲೀಸು, ಮೇಷ್ಟ್ರಿಗೆ ಆ ಪುಸ್ತಕದ ಮೇಲೆಯೇ ತರಬೇತಿ. ನಾಲ್ಕನೇ ತರಗತಿ ಓದಿನಲ್ಲಿ 2019ರಲ್ಲಿ ದೇಶಕ್ಕೆ 50ನೇ ಸ್ಥಾನದಲ್ಲಿದ್ದ ರಾಜ್ಯ 2024ರಲ್ಲಿ 16ಕ್ಕೆ ಬಂತು. ಪುಸ್ತಕ ಒಂದರಿಂದಲೇ ಅಂತ ನಾನು ಹೇಳಲ್ಲ. ಮೇಷ್ಟ್ರ ತರಬೇತಿ ಇದೆ, ಹೊಸ ಓದಿನ ಕಾನೂನುಗಳಿವೆ. ಆದರೆ ಶುರುವಾಗಿದ್ದು ಅಲ್ಲಿಂದ.

ಇದೇ ಕೆಲಸವನ್ನು ದೇಶಕ್ಕೆಲ್ಲ ಮಾಡೋಕೆ 'ಎಡ್‌ರಿಪೋರ್ಟ್ಸ್' ಅನ್ನೋ ಲಾಭರಹಿತ ಸಂಸ್ಥೆ ಬಂತು. 2015ರ ಮಾರ್ಚ್‌ನಲ್ಲಿ ಮೊದಲ ವರದಿ. 20 ಗಣಿತ ಸರಣಿಗಳನ್ನು ಮೇಷ್ಟ್ರುಗಳ ತಂಡ ಪರೀಕ್ಷಿಸಿತ್ತು. ನೋಡಿದ ಎಲ್ಲ ತರಗತಿಗಳಲ್ಲೂ ಪಾಸಾದದ್ದು ಒಂದೇ ಒಂದು. ಅದೂ ದೈತ್ಯ ಪ್ರಕಾಶಕರದ್ದಲ್ಲ, 'ಯುರೇಕಾ ಮ್ಯಾಥ್' ಅಂತ ಲಾಭರಹಿತ ಸಂಸ್ಥೆಯದ್ದು. ದೊಡ್ಡ ಕಂಪನಿಗಳು ಬೊಬ್ಬೆ ಹೊಡೆದವು. ಮೊದಲ ಬಾಗಿಲಲ್ಲೇ ಫೇಲ್ ಮಾಡಿ ಮುಂದೆ ನೋಡಲೇ ಇಲ್ಲ ಅಂದವು. ಸಂಸ್ಥೆ ಪದ್ಧತಿ ಸ್ವಲ್ಪ ತಿದ್ದಿಕೊಂಡಿತು. ಹಸಿರು, ಹಳದಿ, ಕೆಂಪು ಬಣ್ಣ ನೋಡಿ ಡಿಸ್ಟ್ರಿಕ್ಟ್‌ಗಳು ಕೊಳ್ಳೋದು ರೂಢಿಯಾಯಿತು.

ಅಲ್ಲಿಗೆ ಕತೆ ಸುಖಾಂತ್ಯ ಅಂದುಕೊಂಡರೆ, ಇಲ್ಲ.

ನ್ಯೂಯಾರ್ಕ್‌ಗೆ ಬನ್ನಿ. ದೇಶದ ಅತಿ ದೊಡ್ಡ ಸ್ಕೂಲ್ ಡಿಸ್ಟ್ರಿಕ್ಟ್. 2003ರಲ್ಲಿ ಮೇಯರ್ ಬ್ಲೂಮ್‌ಬರ್ಗ್ ಆಡಳಿತ ಊರಿಗೆಲ್ಲ ಒಂದು ಓದಿನ ಪದ್ಧತಿ ತಂದಿತು. ಅದರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನ ಲೂಸಿ ಕಾಲ್ಕಿನ್ಸ್ ಪ್ರಭಾವ ಜೋರು. ಮಗುವಿಗೆ ಒಂದು ಶಬ್ದ ಓದೋಕೆ ಬರದಿದ್ದರೆ ಚಿತ್ರ ನೋಡು, ಮೊದಲ ಅಕ್ಷರ ನೋಡು, ಏನಿರಬಹುದು ಊಹಿಸು. ಅಕ್ಷರಕ್ಕೂ ಉಚ್ಚಾರಕ್ಕೂ ಇರುವ ಗಂಟನ್ನು ಕ್ರಮವಾಗಿ ಬಿಡಿಸಿ ಕಲಿಸೋದು ಹಿಂದೆ ಬಿತ್ತು. ನಮ್ಮ ಕಾಗುಣಿತ ಕಂಠಪಾಠ ಮಾಡಿದವರಿಗೆ ಇದು ನಗೆ ತರಿಸಬಹುದು. ಆದರೆ ದೊಡ್ಡ ಕಾಲೇಜಿನ ಹೆಸರು, ಕಾರ್ಯಾಗಾರಗಳ ಸಂಭ್ರಮ, ಮೇಷ್ಟ್ರುಗಳ ಪ್ರೀತಿ. ಹೆಸರು ನೋಡಿಯೇ ಕೊಂಡರು. ಎಡ್‌ರಿಪೋರ್ಟ್ಸ್ ಈ ಪಠ್ಯವನ್ನು ಅಳೆದು ಫೇಲ್ ಮಾಡಿದ್ದು 2021ರಲ್ಲಿ. 2022ರಲ್ಲಿ ಎಮಿಲಿ ಹ್ಯಾನ್‌ಫರ್ಡ್ ಅನ್ನೋ ಪತ್ರಕರ್ತೆಯ ಪಾಡ್‌ಕಾಸ್ಟ್ ದೇಶವನ್ನೇ ಅಲ್ಲಾಡಿಸಿತು. ಹಾಗಂತ ಎಡ್‌ರಿಪೋರ್ಟ್ಸ್‌ನ ಕೋಲೂ ಪೂರ್ತಿ ನೇರ ಇರಲಿಲ್ಲ. ಅದು ಅಳೆಯುತ್ತಿದ್ದದ್ದು ಮುಖ್ಯವಾಗಿ ಕಾಮನ್ ಕೋರ್‌ಗೆ ಹೊಂದಿಕೆ. ಓದಿನ ವಿಜ್ಞಾನಕ್ಕೆ ಸಲ್ಲದ ಪಾಠಗಳಿದ್ದ ಕೆಲವು ಪುಸ್ತಕಗಳಿಗೂ ಹಸಿರು ಬಣ್ಣ ಸಿಕ್ಕಿತ್ತು ಅನ್ನೋ ಟೀಕೆ ಬಂತು.

2023ರ ಮೇನಲ್ಲಿ ನ್ಯೂಯಾರ್ಕ್‌ನ ಶಾಲಾ ಮುಖ್ಯಸ್ಥ ಡೇವಿಡ್ ಬ್ಯಾಂಕ್ಸ್ ಹಳೇ ದಾರಿ ತಪ್ಪು ಅಂತ ಒಪ್ಪಿಕೊಂಡರು. ಮಕ್ಕಳದ್ದಲ್ಲ, ಅಪ್ಪ ಅಮ್ಮಂದಿರದ್ದಲ್ಲ, ತಪ್ಪು ನಮ್ಮದು ಅಂದರು. ಊರಿನ 32 ವಿಭಾಗಗಳ ಮುಖ್ಯಸ್ಥರು ಮೂರು ಪಠ್ಯಗಳಲ್ಲಿ ಒಂದನ್ನು ಆರಿಸಬೇಕು ಅಂತ ಆದೇಶವಾಯಿತು. ಮೂರನೇ ಎರಡರಷ್ಟು ಮಂದಿ ಒಂದನ್ನೇ ಆರಿಸಿದರು. ದೊಡ್ಡ ಪ್ರಕಾಶಕರದ್ದು, ದಪ್ಪನೆಯದು. ಪೂರ್ತಿ ಕತೆಪುಸ್ತಕಗಳಿಲ್ಲ, ಬರೀ ತುಣುಕು ತುಣುಕು ಅಂತ ಮೇಷ್ಟ್ರುಗಳು ಆಗಲೇ ಗೊಣಗುತ್ತಿದ್ದರು.

2003ರಲ್ಲಿ ಏಳು ವರ್ಷದ ಮಗು, ಎರಡನೇ ಕ್ಲಾಸು, ಚಿತ್ರ ನೋಡಿ ಶಬ್ದ ಊಹಿಸುತ್ತಾ ಕೂತಿತ್ತು. ತಪ್ಪು ನಮ್ಮದು ಅಂತ ಬ್ಯಾಂಕ್ಸ್ ಹೇಳಿದ ದಿನ ಆ ಮಗುವಿಗೆ 27 ವರ್ಷ.