ದಖ್ಖನಿನ ಅದ್ಭುತ ಕಥೆಗಳು: ರಟ್ಟು, ರಂಗು, ಬಂಗಾರ



ಹ್ಯಾರಿ ಪಾಟರ್‌ನಂತಹ ಮಾಯಾಲೋಕದ ಕಾದಂಬರಿಗಳು ಈಗ ‘ವಿಶೇಷ ಆವೃತ್ತಿ’ ಎಂಬ ಹೆಸರಿನಲ್ಲಿ ಬರುವುದನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ಗಟ್ಟಿ ರಟ್ಟು, ಅದರ ಮೇಲೆ ಬಿಸಿ ಅಚ್ಚಿನಿಂದ ಒತ್ತಿದ ಬಂಗಾರದ ಬಣ್ಣ, ಪುಟಗಳ ಅಂಚಿಗೆ ರಂಗು, ರಟ್ಟಿನ ಒಳಮೈಗೆ ಚಿತ್ರದ ಕಾಗದ. ಬೆಲೆಯೂ ಸಾಮಾನ್ಯ ಪ್ರತಿಗಿಂತ ಹೆಚ್ಚು. ಇದೆಲ್ಲ ಹೊರದೇಶದವರ ಹೊಸ ಶೋಧ ಎಂದು ನಮ್ಮ ಮಕ್ಕಳು ತಿಳಿಯುತ್ತಾರೆ. ಆದರೆ ಪರಿಯರ, ಮಾಯೆಯ, ಮಂತ್ರದ ಕಥೆಗಳಿಗೆ ಬಂಗಾರದ ಸಿಂಗಾರ ಮಾಡುವ ಕಲೆ ನಮ್ಮ ಬಿಜಾಪುರದಲ್ಲಿ ನಾಲ್ಕು ನೂರು ವರ್ಷಗಳ ಹಿಂದೆಯೇ ಬೆಳೆದಿತ್ತು. ಅದರ ಪರಿಚಯ ಮಾಡಿಕೊಡುವುದು, ಅದರಲ್ಲಿ ಉಳಿದಿರುವುದನ್ನು ಕಾಪಾಡಲು ನಿಮ್ಮನ್ನು ಕೇಳಿಕೊಳ್ಳುವುದು ಈ ಲೇಖನದ ಉದ್ದೇಶ.

ಕಥೆಗಳು

ಮೊದಲು ಕಥೆಗಳನ್ನು ನೋಡೋಣ. ನಮಗೆ ದೊರೆತಿರುವ ದಖನಿ ಮಸ್ನವಿಗಳಲ್ಲಿ ಅತ್ಯಂತ ಹಳೆಯದು ‘ಕದಮ್ ರಾವ್ ಪದಮ್ ರಾವ್’. ಬಹಮನಿ ಸುಲ್ತಾನರ ಕಾಲದಲ್ಲಿ, ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ, ಫಖ್ರುದ್ದೀನ್ ನಿಜಾಮಿ ಎಂಬ ಕವಿ ಇದನ್ನು ಬರೆದನು. ಇದರಲ್ಲಿ ಕದಮ್ ರಾವ್ ರಾಜ, ಪದಮ್ ರಾವ್ ನಾಗ. ರಾಜನ ಪ್ರಾಣವು ಗಿಳಿಯ ದೇಹವನ್ನು ಸೇರುತ್ತದೆ. ನಮ್ಮ ಚಿಂಚೋಳಿಗೆ ಹೊಂದಿಕೊಂಡ ಬೀದರ್ ಆಗ ಬಹಮನಿಗಳ ರಾಜಧಾನಿಯಾಗಿ ಬೆಳೆಯುತ್ತಿದ್ದ ಕಾಲ ಅದು.

ಎರಡನೆಯದು ‘ಪೇಮ್ ನೇಮ್’. ಇಬ್ರಾಹಿಂ ಆದಿಲ್ ಶಾಹನ (1580–1627) ಆಳ್ವಿಕೆಯಲ್ಲಿ, 1590ರ ಸುಮಾರಿಗೆ, ಹಸನ್ ಮಂಝು ಖಲ್ಜಿ ಬರೆದ ಪ್ರೇಮಕಥೆ. ಇದರ ಬಿಜಾಪುರದ ಪ್ರತಿಯಲ್ಲಿ 34 ಚಿತ್ರಗಳಿವೆ. ರಾಜಕುಮಾರನ ಎದೆಯ ಮೇಲೆ ಅವನ ಪ್ರಿಯತಮೆಯ ಮುಖವನ್ನೇ ಚಿತ್ರಿಸಿರುವುದು ಇದರ ವಿಶೇಷ. ಹೃದಯದಲ್ಲಿರುವುದು ಹೊರಗೆ ಕಾಣಬೇಕೆಂದು ಕಲಾವಿದ ಹೂಡಿದ ಉಪಾಯ ಅದು.

ಮೂರನೆಯದು ‘ಗುಲ್ಶನ್-ಎ-ಇಶ್ಕ್’. ಎರಡನೆಯ ಅಲಿ ಆದಿಲ್ ಶಾಹನ ಆಸ್ಥಾನಕವಿ ನುಸ್ರತಿ 1657–58ರಲ್ಲಿ ಇದನ್ನು ರಚಿಸಿದನು. ಪರಿಯರು ನಿದ್ರಿಸುತ್ತಿದ್ದ ರಾಜಕುಮಾರ ಮನೋಹರನನ್ನು ರಾತ್ರೋರಾತ್ರಿ ಎತ್ತಿಕೊಂಡು ಹೋಗಿ ಮಧುಮಾಲತಿಯ ಅಂತಃಪುರದಲ್ಲಿ ಇಳಿಸುವುದರಿಂದ ಅವರ ಪ್ರೇಮ ಆರಂಭವಾಗುತ್ತದೆ. ಜನರು ಇದನ್ನು ಎಷ್ಟು ಮೆಚ್ಚಿದರೆಂದರೆ, ಬಿಜಾಪುರದ ರಾಜ್ಯ 1686ರಲ್ಲಿ ಅಳಿದ ಮೇಲೂ ಶ್ರೀಮಂತರು ಇದರ ಚಿತ್ರಿತ ಪ್ರತಿಗಳನ್ನು ಬರೆಸುತ್ತಿದ್ದರು. 1743ರಲ್ಲಿ ಸಿದ್ಧವಾದ ಅಂತಹ ಒಂದು ಪ್ರತಿಯಲ್ಲಿ ತೊಂಬತ್ತಕ್ಕೂ ಹೆಚ್ಚು ಚಿತ್ರಗಳಿವೆ.

ಒಂದು ಗ್ರಂಥ ಸಿದ್ಧವಾಗುತ್ತಿದ್ದ ಬಗೆ

ಇಂತಹ ಗ್ರಂಥ ಒಬ್ಬನ ಕೈಕೆಲಸವಲ್ಲ. ಕಾಗದ ಮಾಡುವವನು, ಕಾತಿಬ್, ಚಿತ್ರಕಾರ, ಬಂಗಾರದ ಕೆಲಸದವನು, ಜಿಲ್ದ್‌ಸಾಜ್ ಹೀಗೆ ಐದಾರು ಮಂದಿ ಕೂಡಬೇಕು.

ಕೈಯಿಂದ ತಯಾರಿಸಿದ ಕಾಗದಕ್ಕೆ ಗಂಜಿ ಸವರಿ, ಅಕೀಕ್ ಕಲ್ಲಿನಿಂದ ಉಜ್ಜಿ ಹೊಳಪು ತರುತ್ತಿದ್ದರು. ದೌಲತಾಬಾದಿನ ಹತ್ತಿರದ ಕಾಗಜಿಪುರ ಈ ಕಾಗದಕ್ಕೆ ಹೆಸರಾದ ಊರು. ಅನಂತರ ‘ಮಿಸ್ತರ್’. ಇದು ಸಾಲುಸಾಲಾಗಿ ದಾರ ಬಿಗಿದ ಒಂದು ಹಲಗೆ. ಕಾಗದವನ್ನು ಅದರ ಮೇಲಿಟ್ಟು ಒತ್ತಿದರೆ ಶಾಯಿಯಿಲ್ಲದೆಯೇ ಗೆರೆಗಳು ಮೂಡುತ್ತವೆ. ಕಾತಿಬ್ ಆ ಗೆರೆ ಹಿಡಿದು ಬರೆಯುತ್ತಿದ್ದನು. ಬಂಗಾರದ ರೇಕನ್ನು ಅಂಟಿನೊಂದಿಗೆ ಅರೆದು, ತೊಳೆದು, ಬಂಗಾರದ ಶಾಯಿ ಮಾಡುತ್ತಿದ್ದರು. ಬರೆದು ಒಣಗಿದ ಮೇಲೆ ಮತ್ತೆ ಅಕೀಕ್ ಕಲ್ಲಿನಿಂದ ತಿಕ್ಕಿದರೆ ಅದು ಹೊಳೆಯುತ್ತಿತ್ತು. ಪುಟದ ಮೇಲೆ ಬಂಗಾರದ ಚುಕ್ಕೆ ಚಿಮುಕಿಸುವುದಕ್ಕೆ ‘ಜರ್‌ಅಫ್ಶಾನ್’ ಎಂದು ಹೆಸರು.

ಇನ್ನೊಂದು ಬೆರಗು ‘ಅಬ್ರಿ’ ಕಾಗದ. ‘ಅಬ್ರ್’ ಎಂದರೆ ಮೋಡ. ಅಗಲವಾದ ತಟ್ಟೆಯ ನೀರಿಗೆ ಮೆಂತ್ಯದ ಲೋಳೆ ಬೆರೆಸಿ ಮಂದ ಮಾಡಿ, ಮೇಲೆ ಬಣ್ಣದ ಹನಿ ಉದುರಿಸುತ್ತಾರೆ. ಬಣ್ಣ ಮುಳುಗದೆ ತೇಲುತ್ತದೆ. ಅದನ್ನು ಸೂಜಿಯಿಂದಲೋ ಹಣಿಗೆಯಿಂದಲೋ ಎಳೆದು, ಕಾಗದವನ್ನು ಮೆಲ್ಲಗೆ ಹಾಸಿ ಎತ್ತಿದರೆ ಮೋಡದಂತಹ ವಿನ್ಯಾಸ ಕಾಗದಕ್ಕೆ ಬರುತ್ತದೆ. ಒಂದು ಸಲ ಬಂದಂತೆ ಇನ್ನೊಂದು ಸಲ ಬರುವುದಿಲ್ಲ. ಹದಿನೇಳನೆಯ ಶತಮಾನದ ದಖ್ಖನಿನ ಕಲಾವಿದರು ಇದರಲ್ಲಿ ಇನ್ನೂ ಮುಂದೆ ಹೋಗಿ, ಕಾಗದದ ಕೆಲವು ಭಾಗಕ್ಕೆ ಬಣ್ಣ ತಾಗದಂತೆ ಅಂಟು ಸವರಿ, ಕುದುರೆ, ಆನೆ, ಫಕೀರರ ಚಿತ್ರಗಳನ್ನೇ ಅಬ್ರಿಯಲ್ಲಿ ಮೂಡಿಸಿದರು.

ಕೊನೆಗೆ ಜಿಲ್ದ್. ಹದಮಾಡಿದ ಚರ್ಮವನ್ನು ರಟ್ಟಿಗೆ ಅಂಟಿಸಿ, ನಡುವೆ ಬಾದಾಮಿಯಾಕಾರದ ‘ತುರಂಜ್’, ನಾಲ್ಕು ಮೂಲೆಗೆ ಬಳ್ಳಿಯ ವಿನ್ಯಾಸ ಬರುವಂತೆ ಅಚ್ಚು ಒತ್ತಿ ಬಂಗಾರ ತುಂಬುತ್ತಿದ್ದರು. ಪುಟಗಳ ಅಂಚನ್ನು ಮುಚ್ಚಲು ಲಕೋಟೆಯಂತಹ ಒಂದು ಮಡಿಕೆ ಇರುತ್ತಿತ್ತು. ಇಂದಿನ ವಿಶೇಷ ಆವೃತ್ತಿಗಳ ಬಂಗಾರದ ಅಚ್ಚಿಗೂ ಇದಕ್ಕೂ ತತ್ವ ಒಂದೇ. ಅಂದಿನದು ಕೈಯ ಕೆಲಸ, ಇಂದಿನದು ಯಂತ್ರದ ಕೆಲಸ, ಅಷ್ಟೇ.

ಹುಳುಗಳ ಕಾಟ ಆಗಲೂ ಇತ್ತು. ಅನೇಕ ಹಸ್ತಪ್ರತಿಗಳ ಮೊದಲ ಹಾಳೆಯಲ್ಲಿ ‘ಯಾ ಕಬೀಕಜ್’ ಎಂದು ಬರೆದಿರುವುದು ಕಾಣುತ್ತದೆ. ಕಬೀಕಜ್ ಎಂಬುದು ಒಂದು ವಿಷದ ಗಿಡದ ಹೆಸರು. ಕಾಲಕ್ರಮದಲ್ಲಿ ಅದು ಹುಳುಗಳ ಒಡೆಯನ ಹೆಸರೆಂದು ಜನ ನಂಬಿ, ಪುಸ್ತಕವನ್ನು ಅವನ ಕಾವಲಿಗೆ ಒಪ್ಪಿಸುತ್ತಿದ್ದರು.

ಹೆಸರು ಉಳಿದವರು, ಅಳಿದವರು

‘ಕಿತಾಬ್-ಎ-ನೌರಸ್’ ಗ್ರಂಥವನ್ನು ಸುಂದರವಾಗಿ ಬರೆದುಕೊಟ್ಟ ಖಲೀಲುಲ್ಲಾಹ್ ಎಂಬ ಕಾತಿಬನಿಗೆ ಇಬ್ರಾಹಿಂ ಆದಿಲ್ ಶಾಹನು ‘ಪಾದ್‌ಶಾಹ್-ಎ-ಕಲಂ’, ಅಂದರೆ ಲೇಖನಿಯ ಬಾದಶಹ ಎಂಬ ಬಿರುದು ಕೊಟ್ಟನು. ಆದರೆ ಓದುಗರೇ, ಗಮನಿಸಿ: ಅಕ್ಷರ ಬರೆದವನ ಹೆಸರು ಉಳಿದಿದೆ, ಚರ್ಮ ಹದಮಾಡಿ ರಟ್ಟು ಕಟ್ಟಿದವರ ಹೆಸರು ಹೆಚ್ಚುಪಾಲು ಅಳಿದಿದೆ. ‘ಪೇಮ್ ನೇಮ್’ ಚಿತ್ರಗಳನ್ನು ಬರೆದವರ ಹೆಸರೂ ನಮ್ಮ ಪಾಲಿಗೆ ಉಳಿದಿಲ್ಲ. ಅವರ ಗುರುತು ಅವರ ಕೆಲಸ ಮಾತ್ರ. ಆ ಕೆಲಸವೂ ಹಾಳಾದರೆ ಅವರು ಎರಡನೆಯ ಸಲ ಸತ್ತಂತೆ.

ಕಲ್ಲಚ್ಚಿನ ಕಾಲ

ಹತ್ತೊಂಬತ್ತನೆಯ ಶತಮಾನದಲ್ಲಿ ಅದ್ಭುತ ಕಥೆಗಳು ಅರಮನೆಯಿಂದ ಬೀದಿಗೆ ಬಂದವು. ಲಖನೌದಲ್ಲಿ 1858ರಲ್ಲಿ ಆರಂಭವಾದ ನವಲ್ ಕಿಶೋರ್ ಮುದ್ರಣಾಲಯವು ದಾಸ್ತಾನ್-ಎ-ಅಮೀರ್ ಹಮ್ಜಾವನ್ನು 46 ಸಂಪುಟಗಳಲ್ಲಿ ಹೊರತಂದಿತು. ಅದರಲ್ಲೇ ಸೇರಿದ ‘ತಿಲಿಸ್ಮ್-ಎ-ಹೋಶ್‌ರುಬಾ’ 1883ರಿಂದ ಪ್ರಕಟವಾಗತೊಡಗಿತು. ಇವು ಕಲ್ಲಚ್ಚಿನ ಪುಸ್ತಕಗಳು. ಕಾತಿಬ್ ಜಿಡ್ಡಿನ ಶಾಯಿಯಿಂದ ಬರೆದುದನ್ನು ಕಲ್ಲಿಗೆ ಇಳಿಸಿ, ಕಲ್ಲನ್ನು ಒದ್ದೆ ಮಾಡಿ ಮಸಿ ಸವರಿದರೆ ಜಿಡ್ಡಿದ್ದಲ್ಲಿ ಮಾತ್ರ ಮಸಿ ಹಿಡಿಯುತ್ತದೆ. ಆ ಕಲ್ಲು ಸುಣ್ಣಕಲ್ಲು. ನಮ್ಮ ಶಹಾಬಾದಿನ ಫರಸಿಯೂ ಅದೇ ಜಾತಿಯದು. ಅಚ್ಚಿಗೆ ಬೇಕಾದುದು ಅದರಲ್ಲೇ ತೀರ ನಯವಾದದ್ದು. ಬಂಗಾರ ಹೋಯಿತು, ಆದರೆ ಮುಖಪುಟದ ಬಳ್ಳಿ, ಹೂವು, ಚೌಕಟ್ಟು ಹೋಗಲಿಲ್ಲ. ಕಾತಿಬನ ಕೈಬರಹವೂ ಹಾಗೇ ಉಳಿಯಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಮಾರ್ಗವಾಗಿ ಸಿಕಂದರಾಬಾದಿಗೆ ರೈಲು ಓಡತೊಡಗಿದ ಮೇಲೆ ದೂರದ ಸರಕು ನಮ್ಮ ಊರುಗಳಿಗೆ ಬರುವುದು ಸುಲಭವಾಯಿತು. ಉರ್ದು ಆಡಳಿತ ಭಾಷೆಯಾಗಿದ್ದ ನಿಜಾಮರ ರಾಜ್ಯದಲ್ಲಿ ಓದುವವರಿಗೂ ಕೊರತೆ ಇರಲಿಲ್ಲ. 1994ರಲ್ಲಿ ಇನ್‌ಪೇಜ್ ತಂತ್ರಾಂಶ ಬಂದ ಮೇಲೆ ಕಾತಿಬರ ಕೆಲಸವೂ ಕಡಿಮೆಯಾಗುತ್ತ ಬಂತು.

ಈಗ ಅವು ಎಲ್ಲಿವೆ?

‘ಪೇಮ್ ನೇಮ್’ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ‘ಗುಲ್ಶನ್-ಎ-ಇಶ್ಕ್’ನ 1743ರ ಪ್ರತಿ ಅಮೆರಿಕದ ಫಿಲಡೆಲ್ಫಿಯಾದಲ್ಲಿದೆ. ‘ಕದಮ್ ರಾವ್ ಪದಮ್ ರಾವ್’ನ ಹಸ್ತಪ್ರತಿ ಕರಾಚಿಯಲ್ಲಿದೆ. ಬಿಜಾಪುರದ ಆಸಾರ್ ಮಹಲಿನಲ್ಲಿ ಉಳಿದಿದ್ದ ಆದಿಲ್ ಶಾಹಿ ಗ್ರಂಥಗಳನ್ನು 1853ರಲ್ಲಿ ಲಂಡನ್ನಿಗೆ ಸಾಗಿಸಲಾಯಿತು. ಅವು ಅಲ್ಲಿ ಜೋಪಾನವಾಗಿವೆ ಎಂಬುದು ಸಮಾಧಾನ. ನಮ್ಮ ಮಕ್ಕಳು ಕಣ್ಣಾರೆ ಕಾಣಲಾರರು ಎಂಬುದು ನೋವು.

ಹೋದುದಕ್ಕೆ ಮರುಗುವುದಕ್ಕಿಂತ ಇರುವುದನ್ನು ಕಾಯುವುದು ಮೇಲು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಹಳೆಯ ಮನೆಗಳ ಪೆಟ್ಟಿಗೆಯಲ್ಲಿ, ಅಟ್ಟದ ಮೇಲೆ ಅಜ್ಜ-ಮುತ್ತಜ್ಜರ ಕಿತಾಬುಗಳು ಇದ್ದರೆ, ರದ್ದಿಗೆ ಹಾಕುವ ಮುಂಚೆ ದಯವಿಟ್ಟು ಬಿಚ್ಚಿ ನೋಡಿ. ಕೊನೆಯ ಹಾಳೆಯಲ್ಲಿ ‘ತರ್ಕೀಮಾ’ ಇರಬಹುದು. ಅದರಲ್ಲಿ ಬರೆದವನ ಹೆಸರು, ಊರು, ಹಿಜರಿ ವರ್ಷ ಸಿಗುತ್ತವೆ. ಹರಿದ ಪುಟಕ್ಕೆ ಅಂಟುಪಟ್ಟಿ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಹೊಸ ಬೈಂಡಿಂಗ್ ಮಾಡಿಸುವ ನೆಪದಲ್ಲಿ ಹಳೆಯ ಜಿಲ್ದ್ ಎಸೆಯಬೇಡಿ. ಅದೂ ಗ್ರಂಥದ ಭಾಗವೇ. ತೇವವಿಲ್ಲದ ಕಡೆ, ಶುದ್ಧವಾದ ಹತ್ತಿ ಬಟ್ಟೆಯಲ್ಲಿ ಸುತ್ತಿ ಇಡಿ. 75 ವರ್ಷಕ್ಕಿಂತ ಹಳೆಯ ಹಸ್ತಪ್ರತಿಗಳನ್ನು ದಾಖಲಿಸಲೆಂದು ಕೇಂದ್ರ ಸರ್ಕಾರ 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಮಿಷನ್ ಆರಂಭಿಸಿತು. 2025ರಲ್ಲಿ ಅದಕ್ಕೆ ‘ಜ್ಞಾನ ಭಾರತಂ’ ಎಂಬ ಹೊಸ ರೂಪ ಬಂದಿದೆ. ದಾಖಲಿಸಿದ ಮಾತ್ರಕ್ಕೆ ಗ್ರಂಥ ನಿಮ್ಮ ಕೈತಪ್ಪಿ ಹೋಗುವುದಿಲ್ಲ.

ಶಾಲೆಯಿಂದ ಬಿಜಾಪುರಕ್ಕೆ ಪ್ರವಾಸ ಹೋದಾಗ ಗೋಲಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಕೂಗಿ ಮರಳುವುದು ರೂಢಿ. ಮುಂದಿನ ಸಲ ಅದರ ಎದುರಿನ ವಸ್ತುಸಂಗ್ರಹಾಲಯಕ್ಕೂ ಹೋಗಿ, ಅಲ್ಲಿಟ್ಟಿರುವ ಹಸ್ತಪ್ರತಿಗಳ ಮುಂದೆ ಹತ್ತು ನಿಮಿಷ ನಿಲ್ಲಿರಿ. ಮನೆಗೆ ಬಂದ ಮೇಲೆ ಅಜ್ಜಿಯನ್ನು ಕೇಳಿ: “ದಾದಿಮಾ, ನಮ್ಮ ಪೆಟ್ಟಿಗೆಯಲ್ಲಿ ಏನಿದೆ?”